ಲಕ್ಕಿ ಸೊಪ್ಪಿನ ಕಟ್ಟು

ಕಳೆದ ಮಳೆಗಾಲದಲ್ಲಿ ನನ್ನ ರೂಮ್‌ಮೇಟ್ ಆನ್‌ಲೈನಿನಲ್ಲಿ ಒಂದು ಕಟ್ಟು ಒಣಸೊಪ್ಪು ತರಿಸಿದಳು. ಗೇಣುದ್ದದ ಕಟ್ಟು. ಬೂದು ಬಿಳುಪಿನ ಎಲೆಗಳನ್ನು ಒತ್ತೊತ್ತಾಗಿ ಸೇರಿಸಿ ಬಿಳಿ ಹತ್ತಿದಾರದಲ್ಲಿ ಅಡ್ಡಡ್ಡ ಬಿಗಿದಿದ್ದರು. ಬೆಲೆ 450 ರೂಪಾಯಿ. ಅವಳ ಪ್ರಬಂಧದ ಅಧ್ಯಾಯವೊಂದು ಮೂರನೇ ಸಲ ತಿದ್ದುಪಡಿಗೆ ವಾಪಸ್ಸು ಬಂದಿತ್ತು. ರೂಮಿನ ‘ಎನರ್ಜಿ’ ಸರಿಯಿಲ್ಲ ಅಂದಳು. ತುದಿಗೆ ಕಡ್ಡಿ ಗೀರಿ, ಉರಿ ಆರಿಸಿ, ಹೊಗೆಯಾಡುವ ಕಟ್ಟನ್ನು ಹಿಡಿದು ಮಂಚದ ಕೆಳಗೆ, ಬೀರುವಿನ ಸಂದಿಗೆ, ನನ್ನ ಪುಸ್ತಕದ ರಾಶಿಯ ಮೇಲೆಲ್ಲ ಆಡಿಸಿದಳು. ನಾನು ನಕ್ಕೆ. ‘ಹೊಗೆ ಹಾಕಿಸ್ಕೊಳ್ಳೋದು’ ಅಂದರೆ ನಮ್ಮ ಕಡೆ ಹುಡುಗರ ಮಾತಿನಲ್ಲಿ ಸತ್ತುಹೋಗುವುದು. ಅದನ್ನೇ ಹೇಳಿ ಗೇಲಿ ಮಾಡಿದೆ. ಅವಳು ತಿರುಗಿ ಕೇಳಿದಳು: “ನಿಮ್ಮಜ್ಜಿ ಮಾಡಿದ್ರೆ ಜಾನಪದ, ನಾನು ಮಾಡಿದ್ರೆ ಶೋಕಿನಾ?”

ಅವಳಿಗೆ ನಮ್ಮಜ್ಜಿಯ ವಿಷಯ ಪೂರ್ತಿ ಗೊತ್ತಿರಲಿಲ್ಲ. ಗೊತ್ತಿದ್ದರೆ ಕೇಳುತ್ತಿರಲಿಲ್ಲ.

ನನ್ನ ಸಂಶೋಧನೆ ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳದ್ದು: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ. ಮನೆ, ಕೊಟ್ಟಿಗೆ, ಕೂಸು ಇವುಗಳನ್ನು ಕಾಯಲು ಜನ ಮಾಡುವ ಆಚರಣೆಗಳು. ದೃಷ್ಟಿ ನಿವಾಳಿಸುವುದು, ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವುದು, ಇಂಥವು. ಅದರಲ್ಲಿ ಹೊಗೆಯದೇ ಒಂದು ಅಧ್ಯಾಯ. ವಿಷಯ ಇಷ್ಟು ಚಿಕ್ಕದಾದರೆ ಹೇಗೆ ಎಂದು ಕೇಳಿದವರಿದ್ದಾರೆ. ಜಾನಪದ ವಿದ್ವಾಂಸ ಜೀಶಂಪ ಹುಟ್ಟಿದ್ದು ನಾಗಮಂಗಲ ತಾಲ್ಲೂಕಿನಲ್ಲಿ, ರಾಮನಗರದ ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರೂ ಅದೇ ತಾಲ್ಲೂಕಿನವರು. ಅವರು ಒಕ್ಕಿ ಹೋದ ಕಣದಲ್ಲಿ ನನಗೆ ಉಳಿದದ್ದು ಹೊಗೆ, ಅಂತ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ.

ನಮ್ಮ ಊರು ಕಿಕ್ಕೇರಿ ಕಡೆಯದು. ಅಜ್ಜಿ ಕಟ್ಟುತ್ತಿದ್ದ ಕಟ್ಟಿನಲ್ಲಿ ಮುಖ್ಯವಾಗಿ ಲಕ್ಕಿ ಸೊಪ್ಪು. ಆಯುರ್ವೇದದವರು ನಿರ್ಗುಂಡಿ ಅನ್ನುವುದು ಇದನ್ನೇ. ಹೊಲದ ಬದು, ಹಳ್ಳದ ದಡ, ನಾಲೆಯ ಏರಿ, ಎಲ್ಲಿ ಬೇಕಾದರೂ ಬೆಳೆಯುತ್ತದೆ. ದನ ಅಷ್ಟಾಗಿ ಮೇಯುವುದಿಲ್ಲ. ಎಲೆಯ ಮೇಲ್ಮೈ ಹಸಿರು, ಅಡಿ ಬೂದು ಬಿಳುಪು. ರೂಮ್‌ಮೇಟಿನ ಕಟ್ಟು ನೋಡಿದಾಗ ನನಗೆ ಥಟ್ಟನೆ ನೆನಪಾದದ್ದು ಆ ಬಿಳುಪೇ. ಲಕ್ಕಿಯ ಜೊತೆ ಬೇವು, ತುಂಬೆ, ಉತ್ತರೇಣಿ. ಕೆಲವು ದಿನ ಬೆಳ್ಳುಳ್ಳಿ ಸಿಪ್ಪೆ. ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ ಕೊಟ್ಟಿಗೆಯ ಗಳುವಿಗೆ ತಲೆಕೆಳಗಾಗಿ ನೇತು ಹಾಕುತ್ತಿದ್ದಳು. ಪೂರ್ತಿ ಒಣಗಬಾರದು, ಹಸಿಯೂ ಇರಬಾರದು. ಒಣಗಿದರೆ ಭಗ್ಗನೆ ಉರಿದುಹೋಗುತ್ತದೆ, ಹಸಿಯಿದ್ದರೆ ಆರಿಹೋಗುತ್ತದೆ. ಆ ಹದ ಅವಳಿಗೆ ಕೈಯಲ್ಲಿ ಹಿಸುಕಿದರೆ ತಿಳಿಯುತ್ತಿತ್ತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹಂಡೆ ಒಲೆಯಿಂದ ಕೆಂಡ ತೆಗೆದು ಬೋಕಿಗೆ ಹಾಕಿ, ಕಟ್ಟಿನ ತುದಿ ಅದಕ್ಕೆ ತಾಗಿಸಿ, ಮೊದಲು ಕೊಟ್ಟಿಗೆ ಸುತ್ತುತ್ತಿದ್ದಳು. ನನಗೆ ಆಗ ಅದು ಸೊಳ್ಳೆ ಓಡಿಸುವ ಕೆಲಸ. ಲಕ್ಕಿ ಹೊಗೆಗೆ ಸೊಳ್ಳೆ ನಿಲ್ಲುವುದಿಲ್ಲ ಅನ್ನುವುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಸೊಳ್ಳೆ ಓಡಿಸುವವಳು ಬಾಗಿಲ ಹೊಸಿಲಿನ ಹತ್ತಿರ ನಿಂತು, ಎಡದಿಂದ ಬಲಕ್ಕೆ ಮೂರು ಸಲ ಯಾಕೆ ಸುತ್ತಬೇಕು? ಸುತ್ತುವಾಗ ಏನೋ ಗೊಣಗುತ್ತಿದ್ದಳು. ಕೇಳಿದರೆ, “ಏನಿಲ್ಲ ಕನವ್ವ, ಕೆಮ್ಮು” ಅನ್ನುತ್ತಿದ್ದಳು. ಮನೆಯಲ್ಲಿ ಬಾಣಂತಿ ಇದ್ದರಂತೂ ಅವಳ ದರ್ಬಾರು. ಮಂಕರಿಯನ್ನು ಬೋರಲು ಹಾಕಿ, ಒಳಗೆ ಕೆಂಡದ ಬೋಕಿ ಇಟ್ಟು, ಮೇಲೆ ಕೂಸಿನ ಬಟ್ಟೆ ಹರವುವುದು. ಎಣ್ಣೆನೀರು ಹಾಕಿದ ಕೂಸಿನ ತಲೆ, ಅಂಗಾಲುಗಳಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದು. ಬಾಣಂತಿಯ ಕೂದಲು ಆರಿಸುವುದು. ಕೊನೆಗೆ ಆರಿದ ಬೂದಿಯಿಂದ ಕೂಸಿನ ಹಣೆಗೊಂದು ಬೊಟ್ಟು.

ಇದನ್ನೆಲ್ಲ ನಾನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಹೀಗೆ ಬರೆಯಲು ಬರುತ್ತಿರಲಿಲ್ಲ.

2022ರಲ್ಲಿ ಅಕ್ಕನಿಗೆ ಮಗಳು ಹುಟ್ಟಿದಳು. ನಾಲ್ಕನೇ ತಿಂಗಳಲ್ಲಿ ಮಗುವಿಗೆ ನೆಗಡಿ ಅಂತ ಶುರುವಾದದ್ದು ಮೂರು ದಿನದಲ್ಲಿ ಉಬ್ಬಸವಾಯಿತು. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮಂಡ್ಯದಲ್ಲಿ ಐದು ದಿನ ಅಡ್ಮಿಟ್ ಮಾಡಿದೆವು. ವೈರಸ್ ಸೋಂಕು, ಸಣ್ಣ ಶ್ವಾಸನಾಳಗಳು ಊದಿಕೊಂಡಿವೆ ಅಂದರು ಡಾಕ್ಟರು. ಮನೆಯಲ್ಲಿ ಯಾರಾದರೂ ಬೀಡಿ ಸೇದುತ್ತಾರಾ, ಸೌದೆ ಒಲೆ ಇದೆಯಾ, ಸಾಂಬ್ರಾಣಿ ಹಾಕುತ್ತೀರಾ ಎಂದು ಕೇಳಿ, ಯಾವ ಹೊಗೆಯೂ ಕೂಸಿನ ಹತ್ತಿರ ಬರಕೂಡದು ಅಂದರು. ಅವರು ಹೇಳಿದ್ದು ಅಷ್ಟೇ. ರೋಗ ಹೊಗೆಯಿಂದ ಬಂತು ಅಂತ ಅವರು ಹೇಳಲಿಲ್ಲ.

ಹಾಗಂತ ಹೇಳಿದವಳು ನಾನು. ಮನೆಗೆ ಬಂದ ದಿನ, ನಡುಮನೆಯಲ್ಲಿ ಅಪ್ಪ, ಅಮ್ಮ, ಭಾವ, ಭಾವನ ತಾಯಿ ಎಲ್ಲ ಕೂತಿದ್ದಾಗ, ಮೊಬೈಲು ತೆಗೆದು ಹೊಗೆಯ ಸೂಕ್ಷ್ಮ ಕಣಗಳ ಬಗ್ಗೆ ಓದಿ ಹೇಳಿದೆ. ಕೂದಲೆಳೆಗಿಂತ ಎಷ್ಟೋ ಪಾಲು ಸಣ್ಣ ಕಣ, ಎಳೆ ಶ್ವಾಸಕೋಶದ ತುದಿಗೇ ಹೋಗಿ ಕೂರುತ್ತದೆ. “ನೀನು ದಿನಾ ಕೊಡ್ತಿದ್ದದ್ದು ವಿಷ ಅಜ್ಜಿ” ಅಂದೆ. ‘ವಿಷ’ ಅನ್ನುವ ಪದ ಮೊಬೈಲಿನಲ್ಲಿ ಇರಲಿಲ್ಲ.

ಅಜ್ಜಿ ಜಗಳವಾಡಲಿಲ್ಲ. “ನಿಮ್ಮಪ್ಪನ್ಗೂ ಇದೇ ಹಾಕಿದ್ದೆ ಕನ” ಅಂದವಳು ಎದ್ದು ಹಿತ್ತಿಲಿಗೆ ಹೋದಳು. ಮಾರನೇ ದಿನದಿಂದ ಕೊಟ್ಟಿಗೆಗೂ ಹೊಗೆ ಹಾಕಲಿಲ್ಲ. ಕೊಟ್ಟಿಗೆಗೆ ಹಾಕು ಅಂತ ಅಮ್ಮ ಹೇಳಿದರೂ ಹಾಕಲಿಲ್ಲ. ನಮಗೆ ತಡವಾಗಿ ಗೊತ್ತಾದದ್ದು ಇನ್ನೊಂದು: ಅವಳು ಕೂಸನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದಳು. ಅಕ್ಕ ತಂದು ತೊಡೆಯ ಮೇಲೆ ಮಲಗಿಸಲು ಹೋದರೆ ಕೈ ಹಿಂದಕ್ಕೆ ಕಟ್ಟಿಕೊಂಡು, “ಬ್ಯಾಡ ಬುಡು, ನನ್ ಸೀರೆ ಹೊಗೆನಾತ” ಅನ್ನುತ್ತಿದ್ದಳಂತೆ. 2023ರ ಕಾರ್ತಿಕದಲ್ಲಿ ತೀರಿಕೊಂಡಳು. ವಯಸ್ಸಾಗಿತ್ತು, ಅದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ. ನಾನು ಪಿಎಚ್.ಡಿ.ಗೆ ನೋಂದಣಿ ಮಾಡಿಸಿದ್ದು ಅದಾದ ಮೇಲೆ.

ಕ್ಷೇತ್ರಕಾರ್ಯದಲ್ಲಿ ಎಲ್ಲರೂ ಬಾಯಿ ಬಿಡುತ್ತಾರೆ. ನಾಗಮಂಗಲದ ಹಳ್ಳಿಯೊಂದರ ಸೂಲಗಿತ್ತಿ ನಲವತ್ತು ನಿಮಿಷ ಬರೀ ಹೊಗೆಯ ಬಗ್ಗೆ ಮಾತಾಡಿದರು. ಯಾವ ಸೊಪ್ಪು ಯಾವ ವಾರ, ಕೂಸಿಗೆ ಎಷ್ಟು ದೂರ. “ಕೂಸಿನ ಮೂತಿಗಲ್ಲ ಕನವ್ವ, ಬಟ್ಟೆಗೆ” ಎಂದು ಮೂರು ಸಲ ಹೇಳಿದರು, ರೆಕಾರ್ಡಿಂಗಿನಲ್ಲಿ ಇದೆ. ಪಾಂಡವಪುರದ ಗ್ರಂಧಿಗೆ ಅಂಗಡಿಯವರು ಸಾಂಬ್ರಾಣಿ, ಲೋಬಾನ, ಗುಗ್ಗುಳ, ಹಾಲುಮಡ್ಡಿಗಳನ್ನು ಒಂದೊಂದಾಗಿ ಕಾಗದದ ಮೇಲೆ ಸುರಿದು ಮೂಸಿ ನೋಡಲು ಕೊಟ್ಟರು. ಹಾಲುಮಡ್ಡಿ ನಮ್ಮ ಪಶ್ಚಿಮ ಘಟ್ಟದ ಮರದ ಅಂಟು, ಮೈಸೂರು ಊದುಬತ್ತಿಯ ಹಳೆಯ ಜೀವಾಳ. ಲೋಬಾನ ಸುಮಾತ್ರಾ ಕಡೆಯ ಮರದ್ದು. ಅರಬ್ಬರು ಅದನ್ನು ‘ಲುಬಾನ್ ಜಾವಿ’, ಅಂದರೆ ಜಾವಾದ ಧೂಪ ಎಂದು ಕರೆದರು, ಯುರೋಪಿನವರ ಬಾಯಲ್ಲಿ ಅದೇ ತಿರುಚಿ ‘ಬೆಂಜೊಯಿನ್’ ಆಯಿತು. ಕೆ.ಆರ್. ಪೇಟೆಯ ಸಂತೆಗೆ ಮೂರು ವಾರ ಹೋದೆ. ಸೊಪ್ಪಿನ ಕಟ್ಟು ಮಾರುವವರು ಒಬ್ಬರೂ ಸಿಗಲಿಲ್ಲ. ಬದುವಿನಲ್ಲಿ ಬೆಳೆಯುವುದನ್ನು ಯಾರು ಕಾಸು ಕೊಟ್ಟು ಕೊಳ್ಳುತ್ತಾರೆ ಅಂತ ಕರಿಬೇವು ಮಾರುವಾಕೆ ನಕ್ಕಳು. ಆಗ 450 ರೂಪಾಯಿ ನೆನಪಾಯಿತು.

ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಲೋಬಾನ ಹಾಕುವ ಒಬ್ಬ ಹಿರಿಯರ ಹಿಂದೆ ಒಂದು ಶುಕ್ರವಾರ ಬೆಳಗ್ಗೆ ಪೂರ್ತಿ ಅಲೆದೆ. ಒಂದು ಕೈಯಲ್ಲಿ ಕೆಂಡದ ಪಾತ್ರೆ, ಇನ್ನೊಂದರಲ್ಲಿ ನವಿಲುಗರಿಯ ಬೀಸಣಿಗೆ. ಚಿಟಿಕೆ ಪುಡಿ ಉದುರಿಸಿ ಅಂಗಡಿಯೊಳಕ್ಕೆ ಹೊಗೆ ಬೀಸುತ್ತಾರೆ. ತಿಮ್ಮಪ್ಪನ ಪಟದ ಕೆಳಗೆ ಕೂತ ಮಾಲೀಕರು ಆ ಹೊಗೆಯನ್ನು ಎರಡೂ ಕೈಯಲ್ಲಿ ಬಾಚಿ ಮುಖಕ್ಕೆ ಒತ್ತಿಕೊಂಡು, ಗಲ್ಲಾ ಪೆಟ್ಟಿಗೆಗೂ ಒಂದಿಷ್ಟು ತೋರಿಸಿ, ಹತ್ತು ರೂಪಾಯಿ ಹಾಕುತ್ತಾರೆ. ಕೆಲವು ಅಂಗಡಿಗಳ ಮುಂದೆ ಮಾತ್ರ ಅವರು ನಿಲ್ಲಲೇ ಇಲ್ಲ. ಮೊದಲು ನಿಲ್ಲುತ್ತಿದ್ದರಂತೆ. ಯಾಕೆ ಅಂತ ಕೇಳಿದೆ. “ಬ್ಯಾಡ ಅಂದ್ರು. ಪರ್ವಾಗಿಲ್ಲ, ಕೆಂಡ ಉಳೀತದೆ” ಅಂದು ಮುಂದೆ ನಡೆದರು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ್ದು ಇಷ್ಟೇ ಇದೆ. ಮಿಕ್ಕದ್ದಕ್ಕೆ ನನ್ನ ಅಧ್ಯಾಯದಲ್ಲಿ ಶೀರ್ಷಿಕೆ ಸಿಕ್ಕಿಲ್ಲ.

ಮಕ್ಕಳ ವೈದ್ಯದ ಹಳೆಯ ಗ್ರಂಥ ‘ಕಾಶ್ಯಪ ಸಂಹಿತೆ’ಯಲ್ಲಿ ಧೂಪಕ್ಕೇ ‘ಧೂಪಕಲ್ಪ’ ಎನ್ನುವ ಅಧ್ಯಾಯವಿದೆ. ಇದನ್ನು ಹೇಳಿದರೆ ಕೆಲವರು, “ನೋಡಿ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು” ಎಂದು ಎದೆಯುಬ್ಬಿಸುತ್ತಾರೆ. ನಮ್ಮ ಮಾವನೊಬ್ಬ ಅಜ್ಜಿ ಸತ್ತ ವರ್ಷವೇ ಫ್ಯಾಮಿಲಿ ಗ್ರೂಪಿಗೆ ಒಂದು ಮೆಸೇಜು ಹಾಕಿದ: ಹೊಗೆಯಿಂದ ಗಾಳಿಯ ಶೇ. 94 ಬ್ಯಾಕ್ಟೀರಿಯಾ ಸಾಯುತ್ತವೆ, ವಿಜ್ಞಾನಿಗಳೇ ಒಪ್ಪಿದ್ದಾರೆ. ಮೂಲ ಹುಡುಕಿದೆ. ಸುಳ್ಳಲ್ಲ. ಲಕ್ನೋದ ರಾಷ್ಟ್ರೀಯ ಸಸ್ಯ ಸಂಶೋಧನಾ ಸಂಸ್ಥೆಯವರು 2007ರಲ್ಲಿ ಪ್ರಕಟಿಸಿದ ಲೇಖನ. ಮುಚ್ಚಿದ ಕೋಣೆಯಲ್ಲಿ ಮಾವಿನ ಸೌದೆ ಮತ್ತು ಹವನ ಸಾಮಗ್ರಿ ಉರಿಸಿ, ಒಂದು ಗಂಟೆಯ ಹೊತ್ತಿಗೆ ಗಾಳಿಯ ಬ್ಯಾಕ್ಟೀರಿಯಾ ಅಷ್ಟು ಇಳಿದದ್ದನ್ನು ಅಳೆದಿದ್ದರು. ತಮಾಷೆಯೆಂದರೆ ಇದೇ 94ನ್ನು ಹೊರದೇಶದವರು ತಮ್ಮ ಸೇಜ್ ಕಟ್ಟಿಗೆ ಅಂಟಿಸಿಕೊಂಡು ಮಾರುತ್ತಾರೆ. ಆ ಪ್ರಯೋಗದಲ್ಲಿ ಸೇಜ್ ಇರಲೇ ಇಲ್ಲ. ಇನ್ನೊಂದು ವಿಷಯವನ್ನು ಮಾವನ ಮೆಸೇಜೂ ಹೇಳಲಿಲ್ಲ: ಆ ಹೊಗೆ ಕೂಸಿನ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಎಂಬುದು ಅವರ ಪ್ರಶ್ನೆಯೇ ಆಗಿರಲಿಲ್ಲ. ವೈರಸ್ಸೂ ಬ್ಯಾಕ್ಟೀರಿಯಾ ಅಲ್ಲ.

ಆದರೂ ಆ ಲೇಖನ ಓದುತ್ತ ಒಂದು ಕ್ಷಣ, ಇದನ್ನು ಅಜ್ಜಿಗೆ ಓದಿ ಹೇಳಬಹುದಿತ್ತು ಅನ್ನಿಸಿತು. ಅವತ್ತು ಮೊಬೈಲಿನಲ್ಲಿ ಇದೂ ಸಿಗುತ್ತಿತ್ತು. ನಾನು ಹುಡುಕಿದ್ದು ಬೇರೆ. ಡಾಕ್ಟರು ಸರಿ, ಇದರಲ್ಲಿ ಈಗಲೂ ನನಗೆ ಅನುಮಾನವಿಲ್ಲ. ಮಗಳಿಗೆ ಈಗ ಮೂರು ದಾಟಿದೆ, ಧೂಳಿನ ದಿನ ಇವತ್ತಿಗೂ ಇನ್‌ಹೇಲರ್ ಬೇಕು; ಅವಳ ಕೋಣೆಗೆ ಯಾರಾದರೂ ಸಾಂಬ್ರಾಣಿ ತಂದರೆ ಮೊದಲು ತಡೆಯುವವಳು ನಾನೇ. ಆದರೆ “ಅಜ್ಜಿ, ಕೊಟ್ಟಿಗೆಗೆ ಹಾಕು, ಕೂಸಿನ ಹತ್ತಿರ ಬೇಡ” ಅನ್ನಲು ಎಷ್ಟು ಹೊತ್ತು ಬೇಕಿತ್ತು? ಅಷ್ಟು ಸಣ್ಣ ಮಾತು ಬಾಯಿಗೆ ಬರಲಿಲ್ಲ. ನಾನು ಎಂ.ಎ. ಮುಗಿಸಿದ್ದೆ, ನಡುಮನೆ ತುಂಬ ಜನ ಇದ್ದರು, ನನ್ನ ಮಾತನ್ನು ಎಲ್ಲರೂ ಕೇಳುತ್ತಿದ್ದರು.

ಆ ರಾತ್ರಿ ರೂಮ್‌ಮೇಟಿಗೆ ಅವಳ ಕಟ್ಟಿನ ಕಥೆ ಹೇಳಿದೆ. ಅದು ಬಿಳಿ ಸೇಜ್. ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಅದಕ್ಕೆ ತಾಗಿದ ಮೆಕ್ಸಿಕೋದ ಒಣಗುಡ್ಡಗಳಲ್ಲಿ ಮಾತ್ರ ತಾನಾಗಿ ಬೆಳೆಯುವ ಗಿಡ. ಅಲ್ಲಿನ ಚುಮಾಶ್ ಮೊದಲಾದ ಮೂಲನಿವಾಸಿಗಳಿಗೆ ಪವಿತ್ರ. ಅವರ ಆಚರಣೆಗಳನ್ನು ಸರ್ಕಾರ ಬಹುಕಾಲ ಹತ್ತಿಕ್ಕಿತ್ತು. ಧಾರ್ಮಿಕ ಸ್ವಾತಂತ್ರ್ಯವನ್ನು ಕಾಯುತ್ತೇವೆಂಬ ಕಾನೂನು ಬಂದದ್ದು 1978ರಲ್ಲಿ. ಈಗ ಪೇಟೆಯ ಬೇಡಿಕೆಗೆ ಕಳ್ಳರು ಗುಡ್ಡಗಳಿಂದ ಚೀಲಗಟ್ಟಲೆ ಕಿತ್ತು ಸಾಗಿಸುತ್ತಾರೆ. ಅವಳು ಸುಮ್ಮನೆ ಕೇಳಿ, ಉಳಿದ ಅರ್ಧ ಕಟ್ಟನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ಹಾಕಿದಳು. ಆಮೇಲೆ, “ನಿಮ್ಮಜ್ಜಿ ಸುತ್ತುವಾಗ ಏನು ಹೇಳ್ತಿದ್ರು?” ಎಂದು ಕೇಳಿದಳು.

ನನ್ನ ಹತ್ತಿರ ಇಪ್ಪತ್ತಾರು ಹೆಂಗಸರ ದನಿಮುದ್ರಿಕೆ ಇದೆ. ಅದರಲ್ಲಿ ಅಜ್ಜಿಯದು ಒಂದು ನಿಮಿಷವೂ ಇಲ್ಲ.

ಈ ಸಂಕ್ರಾಂತಿಗೆ ಊರಿಗೆ ಹೋಗಿದ್ದೆ. ಕಿಚ್ಚಿಗೆ ನಮ್ಮ ಬೀದಿಯಿಂದ ಬಂದದ್ದು ಆರು ದನ, ಅದರಲ್ಲಿ ನಮ್ಮವು ಎರಡು. ಹುಲ್ಲಿನ ಉರಿ ಎದ್ದಾಗ ಅಕ್ಕ ಮಗಳನ್ನು ಎತ್ತಿಕೊಂಡು ಗಾಳಿ ಬೀಸುವ ಕಡೆಗೆ, ದೂರದ ಜಗಲಿಗೆ ಹೋಗಿ ನಿಂತಳು. ಮಾರನೇ ಬೆಳಗ್ಗೆ ನಾನು ಕುಡುಗೋಲು ತೆಗೆದುಕೊಂಡು ನಾಲೆ ಏರಿಗೆ ಹೋಗಿ ಒಂದು ಹೊರೆ ಲಕ್ಕಿ ಕೊಯ್ದು ತಂದೆ. ಹಿತ್ತಿಲಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಲು ನೋಡಿದೆ. ಎರಡು ಸಲ ಬಿಚ್ಚಿಹೋಯಿತು. ಪಾತ್ರೆ ತಿಕ್ಕುತ್ತಿದ್ದ ಅಮ್ಮ ಸ್ವಲ್ಪ ಹೊತ್ತು ನೋಡಿ, “ಹಂಗಲ್ಲ, ಬುಡದ ಕಡೆಯಿಂದ ಸುತ್ಬೇಕು” ಅಂದು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಮೂರು ಸುತ್ತು ಸುತ್ತಿ ಬಿಗಿದಳು. ಗಂಟು ಹಾಕುವಲ್ಲಿ ಅವಳಿಗೂ ತಡವರಿಸಿತು. ಎರಡು ಸಲ ಬಿಚ್ಚಿ ಮತ್ತೆ ಹಾಕಿದಳು.

ಕೊಟ್ಟಿಗೆಯ ಗಳುವಿಗೆ ನೇತು ಹಾಕಿದೆವು. ಎಷ್ಟು ದಿನ ಬೇಕು ಒಣಗಲು ಎಂದು ಕೇಳಿದೆ.

“ಹಿಸುಕಿ ನೋಡ್ತಿತ್ತು ನಿಮ್ಮಜ್ಜಿ” ಅಂದಳು ಅಮ್ಮ, ಮತ್ತೆ ಪಾತ್ರೆಯ ಕಡೆ ಹೋಗುತ್ತ.