ಸೋತ ಮ್ಯಾಚಿನ ಹದಿಮೂರು ವಿಕೆಟ್

ನಮ್ಮ ಬ್ಯಾಚಿನ ಯಾರನ್ನಾದ್ರೂ ಜಾವಗಲ್ ಶ್ರೀನಾಥ್ ಯಾರು ಅಂತ ಕೇಳಿ ನೋಡಿ. "ಟಾಸ್ ಹೊತ್ತಿಗೆ ಕೋಟು ಹಾಕ್ಕೊಂಡು ನಿಂತಿರ್ತಾರಲ್ಲ, ಆ ಮ್ಯಾಚ್ ರೆಫ್ರಿ" ಅಂತಾರೆ. ಮೊನ್ನೆ ಮೊನ್ನೆಯವರೆಗೂ ನನ್ನ ಉತ್ತರವೂ ಅದೇ ಆಗಿತ್ತು. ಜಾವಗಲ್ ನಮ್ಮ ಅರಸೀಕೆರೆ ತಾಲ್ಲೂಕಿನ ಊರು ಅನ್ನೋ ಒಂದೇ ಕಾರಣಕ್ಕೆ ಅಪ್ಪ ಅವರ ಹೆಸರು ತೆಗೆದಾಗಲೆಲ್ಲ ಎದೆಯುಬ್ಬಿಸಿ ಮಾತಾಡೋರು. ನಾನು ಮೊಬೈಲ್ ನೋಡ್ತಾ "ಹೂಂ" ಅಂತಿದ್ದೆ.

ಕಳೆದ ತಿಂಗಳು ಅಂತರ ಕಾಲೇಜು ಟೂರ್ನಮೆಂಟಿಗೆ ಟೀಮ್ ಲಿಸ್ಟ್ ಹಾಕಿದ್ರು. ಫಸ್ಟ್ ಇಯರಿನಿಂದ ಮೀಡಿಯಂ ಪೇಸ್ ಹಾಕ್ತಿದ್ದೀನಿ. ಸತತ ಮೂರನೇ ವರ್ಷವೂ ನನ್ನ ಹೆಸರು ಹನ್ನೆರಡನೇ ಸಾಲಿನಲ್ಲೇ ಇತ್ತು. ನೀರಿನ ಬಾಟಲಿ, ಟವೆಲ್, ಬದಲಿ ಗ್ಲೌಸು ನನ್ನ ಪಾಲಿಗೆ. ರಾತ್ರಿ ಅಪ್ಪನಿಗೆ ಫೋನ್ ಮಾಡಿ, "ಕಿಟ್ ವಾಪಸ್ ಕೊಟ್ಬಿಡ್ತೀನಿ ಅಪ್ಪ, ಪ್ಲೇಸ್‌ಮೆಂಟಿಗಾದ್ರೂ ಓದ್ಕೋತೀನಿ" ಅಂದೆ. ಅವರು ಬೈಯಲೂ ಇಲ್ಲ, ಸಮಾಧಾನ ಮಾಡಲೂ ಇಲ್ಲ. "ಕೊಡು. ಕೊಡೋಕೆ ಮುಂಚೆ ಒಂದ್ಸಲ ಶ್ರೀನಾಥ್ ಕಲ್ಕತ್ತಾ ಮ್ಯಾಚಿನ ಸ್ಕೋರ್‌ಕಾರ್ಡ್ ನೋಡು" ಅಂದು ಫೋನ್ ಇಟ್ರು.

ನೋಡ್ದೆ. ಒಂದು ಸ್ಕೋರ್‌ಕಾರ್ಡಿನಿಂದ ಇನ್ನೊಂದಕ್ಕೆ ಹೋಗಿ, ರಾತ್ರಿ ಎರಡು ಗಂಟೆಯಾದ್ರೂ ಮಲಗಲಿಲ್ಲ.

ಶ್ರೀನಾಥ್ ನಮ್ಮವರೇ, ಅಂದ್ರೆ ಇಂಜಿನಿಯರಿಂಗ್‌ನವರು. ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಷನ್ ಓದಿದವರು. ಕರ್ನಾಟಕದ ಪರ ಆಡಿದ ಮೊದಲ ರಣಜಿ ಪಂದ್ಯದಲ್ಲೇ ಹೈದರಾಬಾದ್ ವಿರುದ್ಧ ಹ್ಯಾಟ್ರಿಕ್. 1991ರ ನವೆಂಬರಿನಲ್ಲಿ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್. ಅಷ್ಟೊತ್ತಿಗೆ ವಯಸ್ಸು 22. ಇಲ್ಲಿಗೆ ಎಲ್ಲಾ ಚೆನ್ನಾಗಿದೆ.

ಆಮೇಲೆ ತವರಿನಲ್ಲಿ ಮೊದಲ ಟೆಸ್ಟ್ ಆಡಿದ್ದು ಯಾವಾಗ ಗೊತ್ತಾ? 1994ರ ನವೆಂಬರಿನಲ್ಲಿ. ಪೂರ್ತಿ ಮೂರು ವರ್ಷ! ವಿದೇಶಕ್ಕೆ ಹೋದಾಗ ಆಡಿಸ್ತಿದ್ರು, ಊರಿಗೆ ಬಂದ್ರೆ ಬೆಂಚು. ಕಾರಣ ಯಾರ ಕೆಟ್ಟತನವೂ ಅಲ್ಲ. ಇಲ್ಲಿನ ಪಿಚ್ ಸ್ಪಿನ್ನರ್‌ಗಳದ್ದು. 1993ರಲ್ಲಿ ಇಂಗ್ಲೆಂಡ್ ಬಂದಾಗ ಕುಂಬ್ಳೆ, ರಾಜು, ಚೌಹಾಣ್ ಮೂವರೂ ಸ್ಪಿನ್ ಹಾಕಿ ಸರಣಿಯನ್ನ 3–0 ಗೆಲ್ಲಿಸಿದ್ರು. ಹೊಸ ಚೆಂಡಿಗೆ ಕಪಿಲ್ ದೇವ್, ಪ್ರಭಾಕರ್ ಇದ್ರು. ಗೆಲ್ಲೋ ಟೀಮನ್ನ ಯಾರು ಬದಲಿಸ್ತಾರೆ? ಕಪಿಲ್ 1994ರಲ್ಲಿ ನಿವೃತ್ತಿಯಾದ ಮೇಲೆ ಮುಂಬೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವಕಾಶ ಸಿಕ್ತು. ಆ ಪಂದ್ಯದಲ್ಲಿ ವಿಕೆಟ್ ತೆಗೆದಿದ್ದಷ್ಟೇ ಅಲ್ಲ, ಬ್ಯಾಟ್ ಹಿಡಿದು 60 ರನ್ ಕೂಡ ಹೊಡೆದ್ರು.

ತಾಳಿದವನು ಬಾಳಿಯಾನು ಅಂತ ಇಲ್ಲಿಗೇ ಕಥೆ ಮುಗಿಸಬಹುದಿತ್ತು. ಆದ್ರೆ ನನಗೆ ಅದು ಅಷ್ಟು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. 22ರಿಂದ 25 ಅಂದ್ರೆ ವೇಗದ ಬೌಲರ್ ಒಬ್ಬನ ಮೈಯಲ್ಲಿ ಕಸುವು ತುಂಬಿರೋ ಕಾಲ. ಆ ವಯಸ್ಸಿನ ವೇಗವನ್ನ ಎತ್ತಿಟ್ಟು ಆಮೇಲೆ ಬಳಸೋಕೆ ಅದೇನು ಬ್ಯಾಂಕಿನ ಠೇವಣಿಯಾ? ಕಾದಿದ್ದಕ್ಕೆ ಫಲ ಸಿಕ್ಕಿರಬಹುದು, ಕಳೆದ ವರ್ಷಗಳು ಮಾತ್ರ ವಾಪಸ್ ಬರಲಿಲ್ಲ. ಸಾಲದ್ದಕ್ಕೆ 1997ರಲ್ಲಿ ಭುಜದ ಗಾಯ, ಶಸ್ತ್ರಚಿಕಿತ್ಸೆ. ಮತ್ತೆ ತಿಂಗಳುಗಟ್ಟಲೆ ಆಟದಿಂದ ಹೊರಗೆ.

ಆದ್ರೂ ಚೆಂಡು ಕೈಗೆ ಬಂದ ದಿನಗಳನ್ನ ನೋಡಿ. 1996ರ ನವೆಂಬರ್, ಅಹಮದಾಬಾದ್. ದಕ್ಷಿಣ ಆಫ್ರಿಕಾಗೆ ಗೆಲ್ಲೋಕೆ ಬೇಕಿದ್ದಿದ್ದು ಬರೀ 170. ಸ್ಪಿನ್ನರ್‌ಗಳದ್ದೇ ಅನ್ನೋ ನಮ್ಮ ನೆಲದಲ್ಲಿ ಶ್ರೀನಾಥ್ 21 ರನ್ ಕೊಟ್ಟು 6 ವಿಕೆಟ್ ಕಿತ್ತರು. ಅವರು 105ಕ್ಕೆ ಗಂಟುಮೂಟೆ ಕಟ್ಟಿದ್ರು. ಅದಕ್ಕೆ ಹಿಂದಿನ ತಿಂಗಳಷ್ಟೇ ಬೆಂಗಳೂರಿನಲ್ಲಿ ಟೈಟನ್ ಕಪ್ ಪಂದ್ಯ ಆಸ್ಟ್ರೇಲಿಯಾ ವಿರುದ್ಧ ಕೈತಪ್ಪಿ ಹೋಗ್ತಿತ್ತು. ಸಚಿನ್ 88ಕ್ಕೆ ಔಟಾಗಿದ್ರು. ಆಗ ಒಂಬತ್ತನೇ ವಿಕೆಟಿಗೆ 52 ರನ್ ಸೇರಿಸಿ ಗೆಲ್ಲಿಸಿದ್ದು ಶ್ರೀನಾಥ್ ಮತ್ತು ಕುಂಬ್ಳೆ. ಒಬ್ಬರು ಇನ್‌ಸ್ಟ್ರುಮೆಂಟೇಷನ್, ಇನ್ನೊಬ್ಬರು ಮೆಕ್ಯಾನಿಕಲ್!

ಇನ್ನು 1999ರ ಫೆಬ್ರವರಿಗೆ ಬರೋಣ, ಎದುರಾಳಿ ಪಾಕಿಸ್ತಾನ. 7ನೇ ತಾರೀಖು ದೆಹಲಿಯಲ್ಲಿ ಕುಂಬ್ಳೆ ಒಂಬತ್ತು ವಿಕೆಟ್ ತೆಗೆದಿದ್ರು, ಉಳಿದಿದ್ದು ಒಂದೇ. ಇನ್ನೊಂದು ತುದಿಯಿಂದ ಬೌಲ್ ಮಾಡ್ತಿದ್ದ ಶ್ರೀನಾಥ್, ಅಪ್ಪಿತಪ್ಪಿ ಆ ವಿಕೆಟ್ ತನಗೆ ಬೀಳಬಾರದು ಅಂತ ಬೇಕಂತಲೇ ಸ್ಟಂಪಿನಿಂದ ದೂರಕ್ಕೆ ಹಾಕಿದ್ರು. ವೇಗದ ಬೌಲರ್‌ಗೆ ವಿಕೆಟ್ ತೆಗೆಯದೇ ಇರೋ ಹಾಗೆ ಬೌಲ್ ಮಾಡೋದು ಎಂಥಾ ಹಿಂಸೆ ಅಂತ ಆ ಕೆಲಸ ಮಾಡಿದವನಿಗೇ ಗೊತ್ತು. ಕುಂಬ್ಳೆಗೆ 74ಕ್ಕೆ 10 ಆಯ್ತು. ಇಡೀ ದೇಶಕ್ಕೆ ಆ ಅಂಕಿ ಬಾಯಿಪಾಠ. ಶ್ರೀನಾಥ್ ಹಾಕಿದ ಆ ಚೆಂಡುಗಳು ಯಾವ ದಾಖಲೆ ಪಟ್ಟಿಯಲ್ಲೂ ಇಲ್ಲ.

ಅಪ್ಪ ಹೇಳಿದ ಕಲ್ಕತ್ತಾ ಪಂದ್ಯ ಅದೇ ತಿಂಗಳಿನದು. ಈಡನ್ ಗಾರ್ಡನ್ಸ್‌ನಲ್ಲಿ ಮೊದಲ ದಿನ ಪಾಕಿಸ್ತಾನ 26 ರನ್ನಿಗೆ 6 ವಿಕೆಟ್. ಶ್ರೀನಾಥ್‌ಗೆ ಆ ಇನಿಂಗ್ಸ್‌ನಲ್ಲಿ ಐದು, ಎರಡನೇ ಇನಿಂಗ್ಸ್‌ನಲ್ಲಿ 86ಕ್ಕೆ 8. ಒಟ್ಟು ಹದಿಮೂರು, ಅವರ ಟೆಸ್ಟ್ ಜೀವನದ ಅತ್ಯುತ್ತಮ ಸಾಧನೆ. ಆದ್ರೆ ಸಯೀದ್ ಅನ್ವರ್ ಔಟಾಗದೆ 188 ಹೊಡೆದ್ರು, ಭಾರತ 46 ರನ್‌ಗಳಿಂದ ಸೋತಿತು. ಸಚಿನ್ ರನೌಟಾಗಿದ್ದಕ್ಕೆ ಗಲಾಟೆಯೆದ್ದು, ಜನರನ್ನೆಲ್ಲ ಹೊರಗೆ ಕಳಿಸಿ ಖಾಲಿ ಸ್ಟೇಡಿಯಮ್ಮಿನಲ್ಲಿ ಪಂದ್ಯ ಮುಗಿಸಿದ್ರು. ಇವತ್ತಿಗೂ ಜನ ಜ್ಞಾಪಕ ಇಟ್ಟುಕೊಂಡಿರೋದು ಆ ಗಲಾಟೆಯನ್ನ.

ಕೊನೆಯೂ ಸಿನಿಮಾ ಥರ ಇರಲಿಲ್ಲ. 2003ರ ವಿಶ್ವಕಪ್‌ನಲ್ಲಿ 16 ವಿಕೆಟ್ ತೆಗೆದು ಫೈನಲ್‌ಗೆ ಬಂದ್ರು. ಜೊಹಾನೆಸ್‌ಬರ್ಗ್‌ನಲ್ಲಿ ಆಸ್ಟ್ರೇಲಿಯಾ 10 ಓವರ್‌ಗೆ 87 ರನ್ ಬಾರಿಸಿತು, ವಿಕೆಟ್ ಒಂದೂ ಇಲ್ಲ. ಭಾರತಕ್ಕೆ ಅವರು ಆಡಿದ ಕೊನೇ ಪಂದ್ಯ ಅದು. ಟೆಸ್ಟಿನಲ್ಲಿ 236, ಏಕದಿನದಲ್ಲಿ 315 ವಿಕೆಟ್. ಏಕದಿನದಲ್ಲಿ 300 ಮುಟ್ಟಿದ ಇನ್ನೊಬ್ಬ ಭಾರತೀಯ ವೇಗಿ ಇವತ್ತಿಗೂ ಇಲ್ಲ.

ನನ್ನ ಕಾಲೇಜು ಬೆಂಚನ್ನ ಅವರ ಬೆಂಚಿಗೆ ಹೋಲಿಸಿಕೊಳ್ಳೋಷ್ಟು ದಡ್ಡ ನಾನಲ್ಲ. ನನ್ನ ಚೆಂಡಿನ ವೇಗ ನನಗೆ ಗೊತ್ತು. ಆದ್ರೆ ಆ ರಾತ್ರಿ ಒಂದು ವಿಷಯ ಚುಚ್ಚಿತು. ಪಿಚ್, ಸೆಲೆಕ್ಷನ್, ಗೆಲುವು, ಸೋಲು, ಯಾವುದೂ ಅವರ ಕೈಯಲ್ಲಿರಲಿಲ್ಲ. ಮೂರು ವರ್ಷ ಕೂರಿಸಿದ ಮೇಲೂ ಚೆಂಡು ಕೊಟ್ಟ ದಿನ ಅವರ ತೋಳು ತಯಾರಿತ್ತು. ನನಗೆ ನಾಳೆ ಚೆಂಡು ಕೊಟ್ಟಿದ್ರೆ? ನಿಜ ಹೇಳ್ಬೇಕಂದ್ರೆ ನಾನು ಎರಡು ತಿಂಗಳಿಂದ ನೆಟ್ಸ್‌ಗೆ ನೆಟ್ಟಗೆ ಹೋಗಿರಲಿಲ್ಲ. ಹೇಗೂ ಆಡಿಸಲ್ಲ ಅಂತ ನಾನೇ ತೀರ್ಮಾನ ಮಾಡ್ಕೊಂಡಿದ್ದೆ.

ಬೆಳಿಗ್ಗೆ ಅಪ್ಪ ಮೆಸೇಜ್ ಹಾಕಿದ್ರು: "ಕೊಟ್ಯಾ ಕಿಟ್ಟು?"

"ಇಲ್ಲ ಅಪ್ಪ. ಶೂ ಸೋಲ್ ಕಿತ್ತೋಗಿದೆ, ಐನೂರು ರೂಪಾಯಿ ಹಾಕ್ತೀರಾ?"

ಹಾಕಿದ್ರು. ಟೂರ್ನಮೆಂಟಿನಲ್ಲಿ ನೀರಿನ ಬಾಟಲಿ ಹೊತ್ತೆ, ಒಂದು ಚೆಂಡೂ ಹಾಕಲಿಲ್ಲ. ನಾಳೆ ಆರು ಗಂಟೆಗೆ ನೆಟ್ಸ್ ಇದೆ. ಹತ್ತಕ್ಕೆ ಇಂಟರ್ನಲ್ಸೂ ಇದೆ.