ನಗೆಯೂ ದಮನವೂ

ವೈಜ್ಞಾನಿಕ ಕಥೆಗಳನ್ನು ಮೆಚ್ಚುವ ನಾವು ‘ಮಕ್ಕಳ ಓದು’ ಎಂಬ ನಗೆಯನ್ನು ಗೋಷ್ಠಿಗಳಲ್ಲಿ ಕೇಳುತ್ತಲೇ ಬಂದಿದ್ದೇವೆ. ಆ ನೋವು ಸುಳ್ಳಲ್ಲ. ಆದರೆ ಅದು ದಮನವೇ?

ವ್ಯಾನ್ ವೋಗ್ಟ್‌ರ ‘ಸ್ಲ್ಯಾನ್’ 1940ರಲ್ಲಿ ಧಾರಾವಾಹಿಯಾಗಿ ಬಂದಿತು. ಅದರಲ್ಲಿ ಬೇಟೆಗೊಳಗಾಗುವ ಅಸಾಮಾನ್ಯ ಕುಲದಲ್ಲಿ ಅಮೆರಿಕದ ಅಭಿಮಾನಿಗಳು ತಮ್ಮನ್ನೇ ಕಂಡುಕೊಂಡರು. ‘ಅಭಿಮಾನಿಗಳೇ ಸ್ಲ್ಯಾನರು’ ಎಂಬುದು ಅವರ ಘೋಷಣೆಯಾಯಿತು. ಅದನ್ನು ಪ್ರಕಟಿಸಿದ ಸಂಪಾದಕ ಜಾನ್ ಕ್ಯಾಂಪ್‌ಬೆಲ್ಲರೇ 1967ರಲ್ಲಿ ಸ್ಯಾಮ್ಯುಯೆಲ್ ಡಿಲೇನಿಯವರ ‘ನೋವಾ’ವನ್ನು ನಿರಾಕರಿಸಿದರು. ಕಪ್ಪು ನಾಯಕನನ್ನು ತಮ್ಮ ಓದುಗರು ಒಪ್ಪಲಾರರೆಂಬುದು ಅವರ ಕಾರಣವಾಗಿತ್ತೆಂದು ಡಿಲೇನಿ ಬರೆದಿದ್ದಾರೆ. ಬೇಟೆಗೊಳಗಾದೆವೆಂದವರ ಮನೆಯ ಬಾಗಿಲೂ ಕೆಲವರಿಗೆ ಮುಚ್ಚಿತ್ತು.

ಪುಸ್ತಕವನ್ನು ಚೀಲದಲ್ಲಿರಿಸಿ ಬೀದಿಗಿಳಿಯಬಹುದು, ಮೈಬಣ್ಣವನ್ನು ಇರಿಸಲಾಗದು. ಮುಂಬಯಿಯಲ್ಲಿ ಬಾಡಿಗೆಮನೆ ಹುಡುಕುವಾಗ ನಾವು ಏನು ಓದುತ್ತೇವೆಂದು ಯಾರೂ ಕೇಳಲಿಲ್ಲ, ಅಡ್ಡಹೆಸರನ್ನು ಕೇಳಿದರು. ನಾವು ಅಲ್ಪಸಂಖ್ಯಾತರು ನಿಜ. ದಮನಿತರೆಂಬ ಮಾತನ್ನು ಅದಕ್ಕೆ ಬೆಲೆ ತೆತ್ತವರಿಗೇ ಬಿಡೋಣ.