ಬಾಕಿ ಆರು ಪವನ್

ಮಗಳು ಒಂದನೇ ತರಗತಿಯಲ್ಲಿದ್ದಾಗಿನ ಒಂದು ಕಾಪಿ ಪುಸ್ತಕ ನನ್ನ ಹೆಂಡತಿಯ ಕಪಾಟಿನಲ್ಲಿ ಈಗಲೂ ಇದೆ. ಅದರ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಮೂರು ಸಾಲುಗಳಿವೆ. ಕೊಟ್ಟದ್ದು 12. ಬಂದದ್ದು 6. ಬಾಕಿ 6. ಈ ಪುಟ ಇರುವ ಸಂಗತಿಯೇ ನನಗೆ ಗೊತ್ತಿರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹತ್ತು ಗ್ರಾಂ ಅಪರಂಜಿ ಚಿನ್ನದ ಬೆಲೆ ಮೊದಲ ಸಲ ಒಂದು ಲಕ್ಷ ರೂಪಾಯಿ ಮುಟ್ಟಿತಲ್ಲ, ಆ ವಾರ ನಮ್ಮ ಮನೆಯಲ್ಲಿ ಮಗಳ ಮದುವೆಯ ಮಾತುಕತೆ ನಡೆಯುತ್ತಿತ್ತು. ಆಕೆ ಪುಸ್ತಕ ತಂದು ನನ್ನ ಮುಂದಿಟ್ಟಳು. ಜಗಳವಾಡಲಿಲ್ಲ. "ಇದೊಂದು ನಿಮಗೆ ನೆನಪಿದೆಯೋ ಇಲ್ಲವೋ" ಎಂದಳು, ಅಷ್ಟೆ.

ನೆನಪಿತ್ತು. ಆದರೆ ಸಾಲ ತೀರಿದೆ ಎಂದೇ ನಾನು ತಿಳಿದಿದ್ದೆ.

1999ರಲ್ಲಿ ಸೌದಿಯ ವೀಸಾಕ್ಕೆ ಹಣ ಹೊಂದಿಸಲು ಆಕೆಯ ಹನ್ನೆರಡು ಪವನ್ ಆಭರಣ ಮಾರಿದ್ದೆ. ಅದರಲ್ಲಿ ನಾನೇ ಮಹ್ರ್ ಆಗಿ ಕೊಟ್ಟ ಸರವೂ ಇತ್ತು, ಆಕೆಯ ಬಾಪ ಹೊಲ ಅಡವಿಟ್ಟು ಮಾಡಿಸಿದ ಬಳೆಗಳೂ ಇದ್ದವು. ಅಂಗಡಿಯವರು ಒರೆಗಲ್ಲಿಗೆ ಉಜ್ಜಿ, ಬೆಸುಗೆಯ ತೂಕ ಕಳೆದು, ಕಲ್ಲು ಕಿತ್ತು, ಸುಮಾರು 35 ಸಾವಿರ ರೂಪಾಯಿ ಎಣಿಸಿದರು. ಮಾಡಿಸುವಾಗ ಕೊಟ್ಟ ಮಜೂರಿ ಮಾರುವಾಗ ಯಾರ ಲೆಕ್ಕಕ್ಕೂ ಬರುವುದಿಲ್ಲ ಎಂಬುದು ನನಗೆ ಅರ್ಥವಾದದ್ದು ಅಂದೇ. 2006ರಲ್ಲಿ ರಜೆಗೆ ಬಂದಾಗ ಆಕೆಯ ಕೈಗೆ 40 ಸಾವಿರ ಕೊಟ್ಟೆ. ತೆಗೆದುಕೊಂಡದ್ದಕ್ಕಿಂತ ಐದು ಸಾವಿರ ಹೆಚ್ಚೇ ಕೊಟ್ಟೆನೆಂಬ ಬಿಗುಮಾನ ಬೇರೆ! ಅಷ್ಟರಲ್ಲಿ ಚಿನ್ನದ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟಾಗಿತ್ತು. ಆ ಹಣಕ್ಕೆ ಮಜೂರಿ ಸೇರಿಸಿ ಆರು ಪವನ್ ಹೇಗೋ ಸಿಕ್ಕಿತು. ಆಕೆ ಏನೂ ಹೇಳಲಿಲ್ಲ. ಬರೆದಿಟ್ಟಳು.

ಬಾಕಿ ಆರು ಪವನ್ ಎಂದರೆ 48 ಗ್ರಾಂ. 2025ರ ಏಪ್ರಿಲ್ ದರದಲ್ಲಿ ನಾಲ್ಕು ಲಕ್ಷಕ್ಕೂ ಮೇಲಿತ್ತು. ಮಗ ಫೋನಿನಲ್ಲಿ ಲೆಕ್ಕ ಹಾಕಿ, "ಬಾಪಾ, ನಿಮ್ಮ ಸಾಲ ಎಷ್ಟು ಬೆಳೆದಿದೆ ನೋಡಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಆ ರಾತ್ರಿ ಯೋಚಿಸಿದಾಗ ಹೊಳೆದದ್ದು ಇಷ್ಟು: ಸಾಲ ಬೆಳೆದಿರಲಿಲ್ಲ. ಅದು ಅಂದೂ ಆರು ಪವನ್, ಇಂದೂ ಆರು ಪವನ್. ಕುಗ್ಗಿದ್ದು ನನ್ನ ರೂಪಾಯಿ. ಲೋಕದ ಮಾರುಕಟ್ಟೆಯಲ್ಲಿ ಚಿನ್ನಕ್ಕೆ ಬೆಲೆ ಕಟ್ಟುವುದು ಡಾಲರಿನಲ್ಲಿ. 1999ರಲ್ಲಿ ಒಂದು ಡಾಲರಿಗೆ 43 ರೂಪಾಯಿಯಷ್ಟಿತ್ತು, 2025ರಲ್ಲಿ 85 ದಾಟಿತು. ಚಿನ್ನ ಡಾಲರಿನಲ್ಲೂ ಏರಿತು, ರೂಪಾಯಿ ಡಾಲರಿನೆದುರು ಇಳಿಯಿತು. ಎರಡೂ ಸೇರಿ ನಮ್ಮೂರಿನ ಅಂಗಡಿಯ ಬೋರ್ಡಿನ ಮೇಲೆ ಬಂದು ಕುಳಿತಿವೆ.

ಹಾಗೆಂದು ಚಿನ್ನ ಏರುತ್ತಲೇ ಇರುತ್ತದೆ ಎಂದು ನಂಬಿ ಸಾಲ ಮಾಡಿ ಕೊಂಡವರ ಪಾಡನ್ನೂ ನೋಡಿದ್ದೇನೆ. 2012ರ ಕೊನೆಗೆ ಹತ್ತು ಗ್ರಾಂಗೆ 31 ಸಾವಿರದ ಹತ್ತಿರವಿದ್ದದ್ದು ಮೂರು ವರ್ಷಗಳಲ್ಲಿ 25 ಸಾವಿರದ ಆಸುಪಾಸಿಗೆ ಇಳಿದಿತ್ತು. ಆಗ ಮಗಳ ಮದುವೆಗೆಂದು ಕೊಂಡಿಟ್ಟು, ಮಧ್ಯೆ ಆಸ್ಪತ್ರೆ ಖರ್ಚಿಗೆ ಮಾರಬೇಕಾಗಿ ಬಂದವರು ಅದನ್ನು ಮರೆತಿರಲಾರರು.

ಜುಮಾ ಮುಗಿದ ಮೇಲೆ ನಮ್ಮ ಖತೀಬರಲ್ಲಿ ಕೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಆಕೆಯ ಕೈಯಿಂದ ನೀವು ಪಡೆದದ್ದು ರೂಪಾಯಿಯೋ, ಚಿನ್ನವೋ?" ತೂಗಿ ಪಡೆದ ಸಾಲವನ್ನು ತೂಗಿಯೇ ಮರಳಿಸಬೇಕೆಂಬುದು ಫಿಕ್ಹ್‌ನ ಹಳೆಯ ನಿಯಮ. ಸಾಲವನ್ನು ಬರೆದಿಡಿ ಎಂದು ಕುರ್‌ಆನ್ ಅಲ್‌ಬಕರಾ ಅಧ್ಯಾಯದ ಅತಿ ದೀರ್ಘ ಸೂಕ್ತದಲ್ಲಿ ಹೇಳಿದೆ. ಬರೆಯಬೇಕಾಗಿದ್ದವನು ನಾನು, ಬರೆದವಳು ಆಕೆ. "ಮನಸಾರೆ ಕೊಟ್ಟಿದ್ದಳು" ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಮಹ್ರ್‌ನಲ್ಲಿ ಹೆಂಡತಿ ಸ್ವಇಚ್ಛೆಯಿಂದ ಬಿಟ್ಟುಕೊಟ್ಟದ್ದು ಗಂಡನಿಗೆ ಹಲಾಲ್, ನಿಜ. ಆದರೆ ಬಿಟ್ಟುಕೊಟ್ಟೆ ಎಂದು ಆಕೆ ಹೇಳಿದ್ದು ಯಾವಾಗ? ನಾನು ಕೇಳಿಯೇ ಇರಲಿಲ್ಲ. ಗಂಡಸರಿಗೆ ಚಿನ್ನ ಧರಿಸುವುದು ನಿಷಿದ್ಧ ಎಂದು ಉಂಗುರ ಹಾಕಿದ ಹುಡುಗರನ್ನು ಗದರಿಸುವ ನಮಗೆ ಹೆಂಗಸರ ಚಿನ್ನ ಮಾರುವಾಗ ಯಾವ ಮಸ್‌ಅಲವೂ ನೆನಪಾಗುವುದಿಲ್ಲ.

ತೀರಿಸುವುದು ಹೇಗೆ? ಮಗ ಹಲವು ದಾರಿ ತೋರಿಸಿದ. 2015ರಲ್ಲಿ ಸರಕಾರ ತಂದ ಚಿನ್ನದ ಬಾಂಡ್‌ಗೆ ಮಜೂರಿಯಿಲ್ಲ, ಕಳ್ಳರ ಭಯವಿಲ್ಲ. ಆದರೆ ಅದರ ಮೇಲೆ ವರ್ಷಕ್ಕೆ ಎರಡೂವರೆ ಶೇಕಡಾ ಬಡ್ಡಿ. ನಮಗೆ ಅದು ಬೇಡವಾಗಿತ್ತು. ಹೇಗೂ 2024ರ ಫೆಬ್ರವರಿಯ ನಂತರ ಹೊಸ ಬಾಂಡ್ ಬಂದಿಲ್ಲ. ಫೋನಿನಲ್ಲಿ ಹತ್ತು ರೂಪಾಯಿಗೂ ಸಿಗುವ ಡಿಜಿಟಲ್ ಚಿನ್ನ ತನ್ನ ನಿಯಂತ್ರಣದಲ್ಲಿಲ್ಲವೆಂದು ಸೆಬಿಯೇ 2025ರ ನವೆಂಬರ್‌ನಲ್ಲಿ ಎಚ್ಚರಿಸಿತು. ಇಟಿಎಫ್‌ಗೆ ಸೆಬಿಯ ನಿಯಂತ್ರಣವಿದೆ, ಬೆನ್ನಿಗೆ ನಿಜವಾದ ಚಿನ್ನವಿರುತ್ತದೆ. ಆದರೆ ಚಿನ್ನದ ವ್ಯಾಪಾರದಲ್ಲಿ ಕೈಯಿಂದ ಕೈಗೆ ವಶವಾಗಬೇಕೆಂಬ ಶರತ್ತನ್ನು ವಿದ್ವಾಂಸರು ಮುಖ್ಯವಾಗಿ ಹಿಡಿಯುತ್ತಾರೆ. ಕೊಂಡ ಚಿನ್ನ ನಮ್ಮ ಪಾಲಿನದ್ದೆಂದು ಪ್ರತ್ಯೇಕವಾಗಿ ಗುರುತಾಗಿದ್ದರೆ ಸಾಕೆನ್ನುವವರೂ ಇದ್ದಾರೆ. ಈ ಚರ್ಚೆ ಮುಗಿಯುವ ಮೊದಲೇ ಆಕೆ ತೀರ್ಮಾನ ಹೇಳಿಬಿಟ್ಟಳು: "ನನಗೆ ನಾಣ್ಯ ಕೊಡಿ. ಬಳೆ ಬೇಡ. ಬಳೆಯಾದರೆ ಯಾರದೋ ಮದುವೆಗೆ ಯಾರೋ ಕೇಳುತ್ತಾರೆ, ಯಾರದೋ ವೀಸಾಕ್ಕೆ ಯಾರೋ ಕೇಳುತ್ತಾರೆ."

ಹಾಗಾಗಿ ಎಂಟೆಂಟು ಗ್ರಾಂನ ನಾಣ್ಯ ಕೊಳ್ಳುತ್ತಿದ್ದೇನೆ. ನಾಣ್ಯಕ್ಕೂ ಸ್ವಲ್ಪ ಮಜೂರಿ, ಮೇಲೆ ಮೂರು ಶೇಕಡಾ ಜಿಎಸ್‌ಟಿ ಇದೆ. ಆದರೆ ಕಲ್ಲಿಲ್ಲ, ಬೆಸುಗೆಯಿಲ್ಲ, ಮಾರುವಾಗ ತೂಕ ಕಳೆಯುವ ಮಾತಿಲ್ಲ. ಝಕಾತಿನ ವಿಷಯವೂ ಬಂತು. ಶಾಫಿಈ ಮದ್‌ಹಬ್‌ನವರಾದ ನಮ್ಮಲ್ಲಿ ಧರಿಸುವ ಆಭರಣಕ್ಕೆ ಝಕಾತ್ ಇಲ್ಲ. ಹನಫಿ ಮನೆಗೆ ಸೇರಿದ ನನ್ನ ತಂಗಿ ವರ್ಷವರ್ಷವೂ ಬಳೆ ತೂಗಿಸಿ ಕೊಡುತ್ತಾಳೆ. ಕೂಡಿಟ್ಟ ನಾಣ್ಯಕ್ಕೆ ನಮ್ಮಲ್ಲೂ ರಿಯಾಯಿತಿ ಇಲ್ಲ. 85 ಗ್ರಾಂ ತಲುಪಿದರೆ ಎರಡೂವರೆ ಶೇಕಡಾ ಕೊಡಬೇಕು. "ಆ ದಿನ ಬರಲಿ, ಸಂತೋಷದಿಂದ ಕೊಡುತ್ತೇನೆ" ಎಂದಳು.

ವರ್ಷದ ಕೊನೆಗೆ ಮಗಳ ನಿಕಾಹ್ ಆಯಿತು. ರಿಜಿಸ್ಟರ್ ಬರೆಯುವಾಗ ಮಹ್ರ್‌ನ ಬೆಲೆ ಎಷ್ಟೆಂದು ಬರೆಯಲಿ ಎಂದು ಹುಡುಗನ ಕಡೆಯ ಹಿರಿಯರೊಬ್ಬರು ಕೇಳಿದರು. ಬೆಲೆ ಬೇಡ, ತೂಕ ಬರೆಯಿರಿ ಎಂದು ಒಳಗಿನಿಂದ ಹೇಳಿ ಕಳಿಸಿದ್ದಳು. 40 ಗ್ರಾಂ, 22 ಕ್ಯಾರೆಟ್ ಎಂದು ಬರೆದರು. ಸರದ ಕೊಂಡಿಯಲ್ಲಿ 916ರ ಪಕ್ಕ ಕೊರೆದಿದ್ದ ಹಾಲ್‌ಮಾರ್ಕ್‌ನ ಆರು ಅಕ್ಷರದ ಗುರುತನ್ನು ಮಗಳೇ ಕನ್ನಡಕ ಹಾಕಿ ಓದಿ, ತನ್ನದೊಂದು ಹೊಸ ಡೈರಿಯಲ್ಲಿ ಬರೆದುಕೊಂಡಳು.

ಕಾಪಿ ಪುಸ್ತಕದ ಲೆಕ್ಕದಲ್ಲಿ ಈಗ ಬಾಕಿ ಮೂರು ಪವನ್.